ಹಿರಿಯೂರಿನ ಹಾದಿಯಲ್ಲೊಂದು ಕಡಲ ತೀರ

ಮೈಸೂರಿನವರಿಗೆ ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ಮಡಿಕೇರಿ, ಸಂಪಾಜೆ, ಪುತ್ತೂರು ದಾಟಿ ಮಂಗಳೂರು, ಇನ್ನೂ ಉತ್ಸಾಹವಿದ್ದರೆ ಉಡುಪಿ, ಮಲ್ಪೆ. ನಾನು ಹೇಳಹೊರಟಿರುವ ಕಡಲ ತೀರಕ್ಕೆ ಘಟ್ಟ ಇಳಿಯುವ ಕೆಲಸವೇ ಇಲ್ಲ. ಮೈಸೂರಿನ ನಮ್ಮ ಬಡಾವಣೆ ಜಯಲಕ್ಷ್ಮಿಪುರಂನಿಂದ ಹೊರಟು ಶ್ರೀರಂಗಪಟ್ಟಣದಲ್ಲಿ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿಯಿರಿ. ಪಾಂಡವಪುರ, ನಾಗಮಂಗಲ, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು. ತೆಂಗಿನ ತೋಟ, ರಾಗಿ ಹೊಲ, ಕುರಿ ಮಂದೆ, ಜಾಲಿ. ಉಪ್ಪುಗಾಳಿಯ ಸುಳಿವಿಲ್ಲ. ಆದರೂ ಈ ಹಾದಿಯ ಆಸುಪಾಸಿನಲ್ಲಿ ಒಂದು ಸಮುದ್ರವಿದೆ! ಅದರ ಅಲೆಗಳ ಗುರುತಿದೆ, ಅದರ ತಳದಲ್ಲಿ ಉಕ್ಕಿದ ಲಾವಾ ಇದೆ, ಅದರ ಆಳವಿಲ್ಲದ ನೀರಿನಲ್ಲಿ ಬಿಸಿಲು ಕುಡಿದು ಬದುಕಿದ ಜೀವಿಗಳು ಕಟ್ಟಿದ ಮನೆಗಳಿವೆ. ಎಲ್ಲವೂ ಕಲ್ಲಾಗಿ, ಬಯಲಿನಲ್ಲಿ, ಯಾರು ಬೇಕಾದರೂ ಬಗ್ಗಿ ನೋಡುವಂತೆ ಬಿದ್ದಿವೆ. ವಯಸ್ಸು ಸುಮಾರು 260 ಕೋಟಿ ವರ್ಷ.

ಆ ಅಂಕಿಯನ್ನು ಇನ್ನೊಮ್ಮೆ ಓದಿ. ಡೈನೊಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ನೆಲದ ಮೇಲೆ ಮೊದಲ ಗಿಡ ತಲೆಯೆತ್ತಿದ್ದು ಹತ್ತಿರಹತ್ತಿರ 47 ಕೋಟಿ ವರ್ಷದ ಹಿಂದೆ. 260 ಕೋಟಿ ವರ್ಷದ ಹಿಂದೆ ಈ ತೀರದಲ್ಲಿ ಹುಲ್ಲಿಲ್ಲ, ಮೀನಿಲ್ಲ, ಚಿಪ್ಪಿಲ್ಲ, ಹುಳುವೂ ಇಲ್ಲ. ಚಂದ್ರ ಈಗಿನದಕ್ಕಿಂತ ಹತ್ತಿರದಲ್ಲಿದ್ದ, ಹಾಗಾಗಿ ಉಬ್ಬರವಿಳಿತ ಜೋರು. ಭೂಮಿ ಇನ್ನೂ ವೇಗವಾಗಿ ತಿರುಗುತ್ತಿತ್ತು, ಹಾಗಾಗಿ ದಿನ ಗಿಡ್ಡ. ಗಾಳಿಯಲ್ಲಿ ನಾವು ಉಸಿರಾಡುವ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆ. ಅಂಥ ಲೋಕದಲ್ಲಿ, ತುಮಕೂರು ಮತ್ತು ಚಿತ್ರದುರ್ಗ ಈಗ ಇರುವ ಜಾಗದಲ್ಲಿ, ಏನೋ ಬದುಕಿತ್ತು!

ಭೂವಿಜ್ಞಾನಿಗಳು ಈ ಕಲ್ಲುಗಳ ಸಾಲನ್ನು ಚಿತ್ರದುರ್ಗ ಶಿಸ್ಟ್ ಪಟ್ಟಿ ಎನ್ನುತ್ತಾರೆ. ಉತ್ತರದಲ್ಲಿ ಗದಗ, ದಕ್ಷಿಣದಲ್ಲಿ ಶ್ರೀರಂಗಪಟ್ಟಣದ ಆಸುಪಾಸು. ಉದ್ದ ನಾನೂರು ಕಿಲೋಮೀಟರಿಗೂ ಮಿಕ್ಕಿ. ನಕ್ಷೆಯ ಮೇಲೆ ಬೆರಳಿಟ್ಟು ಎಳೆದು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಆ ಹಳೆಯ ಕಡಲ ತಳದ ಬಾಲ ಬಂದು ನಿಲ್ಲುವುದು ನಮ್ಮ ಮನೆಬಾಗಿಲಲ್ಲಿ, ಭಾನುವಾರ ನಿಮಿಷಾಂಬ ದೇವಸ್ಥಾನಕ್ಕೆ ಹೋಗಿಬರುವಷ್ಟು ದೂರದಲ್ಲಿ. ಸಮುದ್ರದ ಕೆಸರು, ಮರಳು, ಸುಣ್ಣ, ಲಾವಾ ಎಲ್ಲವೂ ಕಾಲಾಂತರದಲ್ಲಿ ಒತ್ತಡಕ್ಕೆ ಸಿಕ್ಕಿ ಮಡಚಿ, ಬೆಂದು, ಮೇಲೆದ್ದು, ಈಗ ಉದ್ದುದ್ದ ಗುಡ್ಡದ ಸಾಲಾಗಿ ನಿಂತಿವೆ. ಸುತ್ತ ಇರುವುದೆಲ್ಲ ಅದಕ್ಕಿಂತ ಹಳೆಯ ನೈಸ್ ಶಿಲೆ. ಹಾಸನ ಜಿಲ್ಲೆಯ ಗೊರೂರಿನ ಕಡೆ ಅದರ ವಯಸ್ಸು 330 ಕೋಟಿ ವರ್ಷದ ಹತ್ತಿರ.

ನಾಗಮಂಗಲ ದಾಟುವವರೆಗೂ ನೆಲದಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣುವುದಿಲ್ಲ. ಅಲ್ಲೊಂದು ಇಲ್ಲೊಂದು ಬೂದು ಬಂಡೆ, ದುಂಡು ಗುಂಡು. ಚಿಕ್ಕನಾಯಕನಹಳ್ಳಿ ಹತ್ತಿರವಾದಂತೆ ಕಣ್ಣಿಗೆ ಹೊಡೆಯುತ್ತದೆ. ದುಂಡು ಬಂಡೆಗಳು ಮಾಯ. ಬೆನ್ನೆಲುಬು ಚಾಚಿದ ಉದ್ದನೆಯ ಗುಡ್ಡಗಳು ಶುರು. ಮಣ್ಣು ಒಮ್ಮೆಲೇ ಕೆಂಪಾಗುತ್ತದೆ, ಕೆಲವು ಕಡೆ ಕಪ್ಪಿಗೇ ತಿರುಗುತ್ತದೆ: ಕಬ್ಬಿಣ ಮತ್ತು ಮ್ಯಾಂಗನೀಸ್. ಇಲ್ಲಿ ಗಣಿಗಾರಿಕೆಯ ಗಾಯ ಗುಡ್ಡದ ಮೈಮೇಲೆ ದೂರದಿಂದಲೇ ಕಾಣುತ್ತದೆ. ಇಲ್ಲಿಂದ ಸ್ವಲ್ಪ ಪೂರ್ವಕ್ಕೆ ತಿರುಗಿದರೆ ಗುಬ್ಬಿ ತಾಲೂಕಿನ ದೊಡ್ಡಗುಣಿ. ನನ್ನ ಮಟ್ಟಿಗೆ ಇಡೀ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿಲ್ಲ.

ದೊಡ್ಡಗುಣಿಯ ಕಡೆಯ ಸುಣ್ಣಕಲ್ಲು ಮತ್ತು ಡಾಲಮೈಟಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ ಎಂದು ಭೂವಿಜ್ಞಾನಿಗಳು 1980ರ ದಶಕದಲ್ಲಿ ವರದಿ ಮಾಡಿದರು. ಸ್ಟ್ರೊಮ್ಯಾಟೊಲೈಟ್ ಎಂದರೆ ಎಲುಬೋ ಚಿಪ್ಪೋ ಅಲ್ಲ. ಅದು ಸೂಕ್ಷ್ಮಜೀವಿಗಳ ಕಟ್ಟಡ. ಆಳವಿಲ್ಲದ, ಬಿಸಿಲು ತಳ ಮುಟ್ಟುವ ನೀರಿನಲ್ಲಿ ಜೀವಾಣುಗಳು ಲೋಳೆಯ ತೆಳು ಹಾಸಾಗಿ ಹರಡಿಕೊಳ್ಳುತ್ತವೆ. ನೀರು ಹೊತ್ತು ತಂದ ನುಣ್ಣನೆಯ ಕಣಗಳು ಆ ಲೋಳೆಗೆ ಅಂಟುತ್ತವೆ, ಸುಣ್ಣವೂ ಅಲ್ಲೇ ಹೆಪ್ಪುಗಟ್ಟುತ್ತದೆ. ಕಣಗಳು ಮುಚ್ಚಿದರೆ ಬೆಳಕಿಲ್ಲ, ಬೆಳಕಿಲ್ಲದಿದ್ದರೆ ಬದುಕಿಲ್ಲ. ಆದ್ದರಿಂದ ಜೀವಾಣುಗಳು ಕಣಗಳ ಸಂದಿನಿಂದ ಮೇಲೆ ತೆವಳಿ ಬಂದು ಹೊಸ ಹಾಸು ಹಾಸುತ್ತವೆ. ಅದರ ಮೇಲೆ ಮತ್ತೆ ಕಣ, ಮತ್ತೆ ಹಾಸು. ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಬೆಳವಣಿಗೆ. ಹೀಗೆ ಸಾವಿರಾರು ವರ್ಷ! ಬೆಳಕಿನ ಕಡೆಗೆ, ಬರೀ ಬೆಳಕಿನ ಕಡೆಗೆ ಏರಿದ ಆ ಹಾದಿಯೇ ಕಲ್ಲಾಗಿ ಉಳಿದಿದೆ.

ಮೊದಲ ನೋಟಕ್ಕೆ ಏನೂ ಕಾಣುವುದಿಲ್ಲ. ಮಳೆ ಬಿಸಿಲಿಗೆ ಸವೆದ ಬೂದು ಬಂಡೆ, ಮೇಲ್ಮೈ ಒರಟು, ಅಲ್ಲಲ್ಲಿ ಕಂದು ಗೀರು. ಅಂಥದೊಂದು ಬಂಡೆಯ ಅಡ್ಡ ಸೀಳಿನ ಮೇಲೆ ನಾನು ಬಾಟಲಿಯ ನೀರು ಸುರಿದು ಕೂತೆ. ಕಲ್ಲು ಒದ್ದೆಯಾದದ್ದೇ ತಡ, ಒಳಗಿಂದ ಗೆರೆಗಳು ಎದ್ದು ಬಂದವು. ಒಂದು ಬೂದು, ಒಂದು ಕಂದು, ಮತ್ತೊಂದು ಬೂದು, ಕೂದಲೆಳೆಯಷ್ಟು ತೆಳು. ಎಲ್ಲ ಗೆರೆಗಳೂ ನೇರವಾಗಿದ್ದರೆ ಅದು ಬರೀ ಕೆಸರಿನ ಪದರ ಎನ್ನಬಹುದಿತ್ತು. ನೇರವಾಗಿರಲಿಲ್ಲ. ಪ್ರತಿ ಗೆರೆಯೂ ಮೇಲಕ್ಕೆ ಉಬ್ಬಿತ್ತು. ಒಂದರ ಮೇಲೊಂದು ಬೋರಲು ಹಾಕಿದ ಬಟ್ಟಲುಗಳ ಸಾಲು. ಉಬ್ಬಿನ ನೆತ್ತಿಯಲ್ಲಿ ಪದರ ದಪ್ಪ, ಇಳಿಜಾರಿನಲ್ಲಿ ತೆಳು. ಕೆಸರು ತನ್ನಷ್ಟಕ್ಕೆ ಬಿದ್ದರೆ ತಗ್ಗಿನಲ್ಲಿ ಜಾಸ್ತಿ ತುಂಬಬೇಕು, ಉಬ್ಬಿನ ಮೇಲೆ ಕಡಿಮೆ. ಇಲ್ಲಿ ತಿರುವುಮುರುವು. ಬೆಳಕು ಹೆಚ್ಚು ಸಿಗುವ ನೆತ್ತಿಯಲ್ಲೇ ಬೆಳವಣಿಗೆ ಹೆಚ್ಚು. ಭೂಮಿಯ ಸೆಳೆತಕ್ಕೆ ಎದುರಾಗಿ ಏನೋ ಮೇಲೆ ಹೋಗಿದೆ ಎನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ? ಬೆರಳು ಸವರಿದರೆ ಸಿಲಿಕಾದ ಗಟ್ಟಿ ಪದರಗಳು ಉಬ್ಬಿ ನಿಂತಿರುವುದು ತಿಳಿಯುತ್ತದೆ. ನಡುವಿನ ಸುಣ್ಣದ ಪದರಗಳು ಮಳೆಗೆ ಕರಗಿ ಒಳಸರಿದಿವೆ. ಕಣ್ಣುಮುಚ್ಚಿ ಬೆರಳಲ್ಲೇ ಎಣಿಸಬಹುದು.

ನಮ್ಮ ಕಡೆ ಅನೇಕ ಮನೆಗಳ ದೇವರ ಕೋಣೆಯಲ್ಲಿ ಪಳೆಯುಳಿಕೆ ಇದ್ದೇ ಇದೆ. ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮ, ಒಂದಾನೊಂದು ಕಾಲದ ಟೆಥಿಸ್ ಸಾಗರದಲ್ಲಿ ಈಜಿದ ಅಮೊನೈಟ್ ಎಂಬ ಪ್ರಾಣಿಯ ಸುರುಳಿ ಚಿಪ್ಪನ್ನು ಒಡಲಲ್ಲಿಟ್ಟುಕೊಂಡ ಕಲ್ಲು. ಹಿಮಾಲಯ ಹುಟ್ಟುವಾಗ ಕಡಲ ತಳ ಮೇಲೆದ್ದು ಬಂದದ್ದರ ಗುರುತು ಅದು. ಅದನ್ನು ತಲೆತಲಾಂತರದಿಂದ ಹಾಲೆರೆದು ಕಾಪಾಡಿಕೊಂಡು ಬಂದವರು ನಾವು. ಸಾಲಿಗ್ರಾಮದ ಅಮೊನೈಟ್‌ಗಳಿಗೆ ಸುಮಾರು 15 ಕೋಟಿ ವರ್ಷ. ದೊಡ್ಡಗುಣಿಯ ಬಂಡೆ ಅದಕ್ಕಿಂತ 17 ಪಟ್ಟು ಹಳೆಯದು. ಅದರ ಮೇಲೆ ಹಾಲೂ ಬಿದ್ದಿಲ್ಲ, ಹೂವೂ ಬಿದ್ದಿಲ್ಲ.

ಇಂಥ ಕಟ್ಟಡಗಳನ್ನು ಈಗಲೂ ಕಟ್ಟುವ ಜೀವಿಗಳು ಭೂಮಿಯ ಮೇಲಿವೆ ಎನ್ನುವುದು ಇನ್ನೊಂದು ಅಚ್ಚರಿ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯ ಹ್ಯಾಮೆಲಿನ್ ಪೂಲ್‌ನಲ್ಲಿ ಮೊಣಕಾಲು ಮಟ್ಟದ ನೀರಿನಲ್ಲಿ ಅವು ಸಾಲುಸಾಲಾಗಿ ನಿಂತಿವೆ. 1950ರ ದಶಕದಲ್ಲಿ ಅವನ್ನು ಗುರುತಿಸಿದಾಗ ಭೂವಿಜ್ಞಾನಿಗಳು ಬೆಕ್ಕಸಬೆರಗಾದರು. ಕಲ್ಲಿನಲ್ಲಷ್ಟೇ ಕಂಡಿದ್ದ ರೂಪ ಅಲ್ಲಿ ಜೀವಂತ ಬೆಳೆಯುತ್ತಿತ್ತು. ಅಲ್ಲಿನ ನೀರು ಸಾಮಾನ್ಯ ಕಡಲಿಗಿಂತ ಇಮ್ಮಡಿ ಉಪ್ಪು. ಮೇಯಲು ಬರುವ ಬಸವನಹುಳು ಆ ಉಪ್ಪಿಗೆ ಹೆದರಿ ದೂರ ಉಳಿದದ್ದರಿಂದ ಇವು ಬದುಕಿಕೊಂಡವು. 260 ಕೋಟಿ ವರ್ಷದ ಹಿಂದೆ ಮೇಯುವವರೇ ಹುಟ್ಟಿರಲಿಲ್ಲವಲ್ಲ! ಇಡೀ ತೀರವೇ ಇವುಗಳದ್ದಾಗಿತ್ತು. ಆ ಕೆಲಸ ಮಾಡುವ ನೀಲಿ-ಹಸಿರು ಜೀವಾಣುಗಳ ಬಳಗ ಅಷ್ಟು ದೂರದಲ್ಲಷ್ಟೇ ಇಲ್ಲ. ಜಯಲಕ್ಷ್ಮಿಪುರಂನಿಂದ ನಡೆದೇ ಹೋಗಬಹುದಾದ ಕುಕ್ಕರಹಳ್ಳಿ ಕೆರೆಯ ನೀರಿಗೆ ಬೇಸಿಗೆಯಲ್ಲಿ ಹಸಿರು ಬಣ್ಣ ಕಟ್ಟುವವರಲ್ಲಿ ಅವೂ ಸೇರಿವೆ.

ಈ ಸಣ್ಣ ಜೀವಿಗಳು ಮಾಡಿದ ಕೆಲಸ ಸಣ್ಣದಲ್ಲ. ಬಿಸಿಲು ಮತ್ತು ನೀರು ಬಳಸಿ ಆಹಾರ ಮಾಡಿಕೊಂಡು, ಬೇಡದ ಆಮ್ಲಜನಕವನ್ನು ಹೊರಬಿಟ್ಟವು. ಆಗಿನ ಕಡಲಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಆಮ್ಲಜನಕ ಸಿಕ್ಕರೆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯುತ್ತದೆ. ಕರ್ನಾಟಕದ ಬೆಟ್ಟಗಳಲ್ಲಿ ಕಾಣುವ ಕೆಂಪು ಕಪ್ಪು ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು ಹುಟ್ಟಿದ್ದರ ಹಿಂದೆ ಇಂಥ ಜೀವಾಣುಗಳ ಕೈವಾಡವಿದೆ ಎನ್ನುವುದು ಬಲವಾದ ವಿವರಣೆ. ಬೆಳಕನ್ನೇ ಬಳಸಿ ನೇರವಾಗಿ ಕಬ್ಬಿಣವನ್ನು ಆಕ್ಸೈಡ್ ಮಾಡುವ ಬೇರೆ ಜೀವಾಣುಗಳಿಗೂ ಇದರಲ್ಲಿ ಪಾಲಿತ್ತು ಎನ್ನುವವರಿದ್ದಾರೆ. ಹೇಗೇ ಇರಲಿ, ಬಾಬಾಬುಡನ್‌ಗಿರಿಯ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಗೆ ಅದಿರು ಹೋಯಿತು. 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಾಗ ನೆಚ್ಚಿಕೊಂಡದ್ದು ಒಂದು ಹಳೆಯ ಕಡಲಿನ ತಳದ ಮಡ್ಡಿಯನ್ನು. ಹಳೇ ಮೈಸೂರಿನ ಮನೆಗಳ ಕಿಟಕಿ ಸರಳು, ತೊಲೆಗಳಲ್ಲಿ ಎಷ್ಟೋ ಭದ್ರಾವತಿಯವು. ನಮ್ಮ ಮನೆಯ ಕಿಟಕಿಯ ಸರಳು ಹಿಡಿದುಕೊಂಡು ಇದನ್ನು ಯೋಚಿಸುತ್ತ ನಿಂತದ್ದುಂಟು.

ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎಂದು ತಿಳಿದದ್ದಾದರೂ ಹೇಗೆ? ಅದಕ್ಕೂ ಕರ್ನಾಟಕದ ಕಲ್ಲೇ ಸಾಕ್ಷಿ ನುಡಿಯುತ್ತದೆ. ಬಾಬಾಬುಡನ್ ಶಿಲಾಸಮೂಹದ ಅಡಿಪಾಯದಲ್ಲಿ ನದಿಯೊಂದು ಉರುಳಿಸಿ ತಂದ ಬೆಣಚುಕಲ್ಲಿನ ಗುಂಡುಗಳ ಪದರವಿದೆ. ಅದರಲ್ಲಿ ಪೈರೈಟ್ ಕಣಗಳಿವೆ, ಯುರೇನಿಯಂ ಖನಿಜವೂ ಇದೆ. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ. ಈಗಿನ ನದಿಯಲ್ಲಿ ಅದು ಉರುಳಿಕೊಂಡು ಹೋದರೆ ತುಕ್ಕು ಹಿಡಿದು ಕರಗಿ ಕೊನೆಗೆ ಏನೂ ಉಳಿಯುವುದಿಲ್ಲ. ಆಗ ಉಳಿಯಿತು. ತುಕ್ಕು ಹಿಡಿಸುವ ಗಾಳಿಯೇ ಇರಲಿಲ್ಲ! ಗಾಳಿಯಲ್ಲಿ ಆಮ್ಲಜನಕ ನೆಲೆಗೊಂಡದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅಂದರೆ ದೊಡ್ಡಗುಣಿಯ ಜೀವಾಣುಗಳು ಕೆಲಸ ಶುರುಮಾಡಿದ್ದು ಆ ದೊಡ್ಡ ತಿರುವಿಗೆ ಎಷ್ಟೋ ಮುಂಚೆ, ಯಾವ ಉಸಿರಿಗೂ ಅನುಕೂಲವಿಲ್ಲದ ಕಾಲದಲ್ಲಿ.

ಹುಳಿಯಾರು ದಾಟಿ ಮುಂದೆ ಹೋದರೆ ಹಿರಿಯೂರು ತಾಲೂಕಿನ ಮಾರಿಕಣಿವೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿಯನ್ನು ತಡೆದು ಕಟ್ಟಿದ ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾದ ಅಣೆಕಟ್ಟು 1907ರಲ್ಲಿ ಮುಗಿಯಿತು, ಕನ್ನಂಬಾಡಿಗಿಂತ ಹಳೆಯದು. 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ಭಾಗದ ಜನ ಹಬ್ಬ ಮಾಡಿದರು. ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದ ಹೆಸರು ಅದಕ್ಕಿದೆ. ಅವರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ. ಆಕೆಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮಿ ವಿಲಾಸ ಇಂದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿದೆ, ಜಾನಪದ ವಸ್ತುಸಂಗ್ರಹಾಲಯವಾಗಿ. ಅದರ ಪಕ್ಕದ ನಮ್ಮ ಬಡಾವಣೆಗೂ ಅದೇ ಜಯಲಕ್ಷ್ಮಿಯ ಹೆಸರು. ತಾಯಿಯ ಹೆಸರು ಅಣೆಕಟ್ಟಿಗೆ ಹೋಯಿತು, ಅಣೆಕಟ್ಟಿನಿಂದ ಸುತ್ತಲಿನ ಕಲ್ಲುಗಳಿಗೆ ಹೋಯಿತು: ಈ ಹಳೆಯ ತೀರದ ಮರಳುಗಲ್ಲು, ಸುಣ್ಣಕಲ್ಲುಗಳ ಸಮೂಹವನ್ನು ಜಗತ್ತಿನ ಭೂವಿಜ್ಞಾನಿಗಳು ವಾಣಿವಿಲಾಸ ಶಿಲಾಸಮೂಹ ಎಂದೇ ಕರೆಯುತ್ತಾರೆ. ಜಯಲಕ್ಷ್ಮಿಪುರಂನವರಿಗೆ ಇದು ತವರಿನ ಕಡಲು!

ಅಣೆಕಟ್ಟೆಯ ಕೆಳಗಿನ ಉದ್ಯಾನದಲ್ಲಿ ಬುತ್ತಿ ಬಿಚ್ಚಿಕೊಂಡು ಕೂರುವವರೇ ಹೆಚ್ಚು. ಕೂರಿ, ತಪ್ಪಿಲ್ಲ. ಉಂಡ ಮೇಲೆ ಕುರುಚಲು ಕಾಡಿನ ಕಾಲುಹಾದಿಯಲ್ಲಿ ಒಂದಿಷ್ಟು ನಡೆಯಿರಿ. ಇಲ್ಲಿಯ ಬೆಣಚುಕಲ್ಲು ಒಂದು ಕಾಲದ ತೀರದ ಮರಳು. ಈ ಪಟ್ಟಿಯ ಇಂಥ ಕಲ್ಲುಗಳಲ್ಲಿ ಅಲೆಗುರುತು ಸಿಕ್ಕರೆ ಅಲ್ಲೇ ಕೂತುಬಿಡಿ. ಸಮಾನಾಂತರ ಏರುತಗ್ಗಿನ ಸಾಲುಗಳು, ಮಲ್ಪೆಯಲ್ಲಿ ನೀರು ಇಳಿದಾಗ ಮರಳಿನ ಮೇಲೆ ಉಳಿಯುತ್ತವಲ್ಲ, ಅವೇ. ಏರಿನ ಎರಡೂ ಬದಿ ಒಂದೇ ಇಳಿಜಾರಾಗಿದ್ದರೆ ನೀರು ಅತ್ತಿತ್ತ ತೂಗಾಡಿದೆ: ಅಲೆ. ಒಂದು ಬದಿ ಕಡಿದು, ಇನ್ನೊಂದು ಬದಿ ನಿಧಾನವಾಗಿದ್ದರೆ ನೀರು ಒಂದೇ ಕಡೆ ಹರಿದಿದೆ. ಹರಿದದ್ದು ಕಡಿದಾದ ಬದಿಯ ಕಡೆಗೆ. ಇಷ್ಟು ಗೊತ್ತಿದ್ದರೆ ಹತ್ತು ವರ್ಷದ ಮಗುವೂ 260 ಕೋಟಿ ವರ್ಷದ ಹಿಂದಿನ ಒಂದು ಮಧ್ಯಾಹ್ನ ನೀರು ಯಾವ ದಿಕ್ಕಿಗೆ ಹೋಗುತ್ತಿತ್ತು ಎಂದು ಕೈತೋರಿಸಿ ಹೇಳಬಹುದು. ಕಲ್ಲು ಮಡಚಿ ಓರೆಯಾಗಿ ನಿಂತಿರುತ್ತದೆ, ಮನಸ್ಸಿನಲ್ಲೇ ಅದನ್ನು ಮಲಗಿಸಿಕೊಳ್ಳಬೇಕು, ಅಷ್ಟೇ.

ಇದೇ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇನ್ನೊಂದು ಸಾಕ್ಷಿ: ದಿಂಬು ಲಾವಾ. ನೀರಿನಡಿಯಲ್ಲಿ ಲಾವಾ ಉಕ್ಕಿದರೆ ಅದರ ಹೊರಮೈ ತಣ್ಣೀರು ತಾಗಿದ ಕ್ಷಣವೇ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗಿನ ಬಿಸಿ ಲಾವಾ ಸಿಪ್ಪೆ ಸೀಳಿ ಹೊರಚಿಮ್ಮಿ ಇನ್ನೊಂದು ಗುಂಡಾಗುತ್ತದೆ. ಒಂದರ ಮೇಲೊಂದು ಪೇರಿಸಿದ ದಿಂಬುಗಳು! ಒಂದೊಂದರ ಬೆನ್ನು ಉಬ್ಬು. ಅಡಿಭಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಚೂಪು. ಆ ಚೂಪು ನೋಡಿ ಕಡಲ ತಳ ಯಾವ ಕಡೆಗಿತ್ತೆಂದು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕರ್ನಾಟಕದಲ್ಲಿ ಅಂಥವು ನಾಲ್ಕು: ಇದು, ಲಾಲ್‌ಬಾಗಿನ ನೈಸ್ ಗುಡ್ಡ, ಕೋಲಾರದ ಚಿನ್ನದ ಸೀಮೆಯ ಜ್ವಾಲಾಮುಖಿ ಶಿಲೆಗಳು, ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು. ದ್ವೀಪದ ಆ ಕಂಬಗಳು ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯವು. ಅಲ್ಲಿಗೆ ದೋಣಿ ತುಂಬಿ ತುಂಬಿ ಜನ ಹೋಗುತ್ತಾರೆ. ನೋಡಲೇಬೇಕಾದ ಜಾಗ ನಿಜ, ಆದರೆ ಮರಡಿಹಳ್ಳಿಯ ಎದುರು ಅದು ನಿನ್ನೆ ಮೊನ್ನೆಯದು.

ಈ ನಾಲ್ಕರ ಪಟ್ಟಿಯಲ್ಲಿ ದೊಡ್ಡಗುಣಿ ಇಲ್ಲ. ಅದು ನನ್ನನ್ನು ಕೊರೆಯುತ್ತದೆ. ರಾಜಸ್ಥಾನದಲ್ಲಿ ಉದಯಪುರದ ಹತ್ತಿರ ಝಾಮರಕೋಟ್ರದ ಸ್ಟ್ರೊಮ್ಯಾಟೊಲೈಟ್ ಉದ್ಯಾನವಿದೆ, ಚಿತ್ತೋಡಗಢ ಜಿಲ್ಲೆಯ ಭೋಜುಂಡಾದಲ್ಲಿ ಇನ್ನೊಂದಿದೆ. ಎರಡೂ ರಾಷ್ಟ್ರೀಯ ಸ್ಮಾರಕಗಳು. ಉತ್ತರ ಪ್ರದೇಶದ ಸೋನಭದ್ರದಲ್ಲಿ ಸಲ್ಖನ್ ಪಳೆಯುಳಿಕೆ ಉದ್ಯಾನವಿದೆ, ಸುಮಾರು 140 ಕೋಟಿ ವರ್ಷ ಹಳೆಯದು. ನಮ್ಮವು ಇವೆಲ್ಲಕ್ಕಿಂತ ಕೋಟಿಗಟ್ಟಲೆ ವರ್ಷ ಹಿರಿಯವು. ಸುಣ್ಣಕಲ್ಲು ಸಿಮೆಂಟಿಗೆ ಬೇಕು, ಡಾಲಮೈಟು ಉಕ್ಕಿನ ಕುಲುಮೆಗೆ ಬೇಕು, ಅದು ಗೊತ್ತಿರುವ ಮಾತು. ಇಡೀ ಗುಡ್ಡ ಬಿಡಿ ಎಂದು ಯಾರೂ ಕೇಳುತ್ತಿಲ್ಲ. ಗೆರೆಗಳು ಚೆನ್ನಾಗಿ ಕಾಣುವ ಒಂದೆರಡು ಎಕರೆ ಬಂಡೆಗೆ ಬೇಲಿ, ಒಂದು ಕನ್ನಡ ಫಲಕ, ಶಾಲೆಯ ಮಕ್ಕಳು ಬಂದು ನಿಲ್ಲಲು ಒಂದು ಮರದ ನೆರಳು. ಒಮ್ಮೆ ಜಲ್ಲಿಯಾದರೆ ಮತ್ತೆ ಬೆಳೆಸಲು ಬರುವುದಿಲ್ಲ.

ಮೈಸೂರು ಸಂಸ್ಥಾನಕ್ಕೆ ಕಲ್ಲು ಓದುವ ಚಾಳಿ ಹೊಸದಲ್ಲ. 1894ರಲ್ಲೇ ಇಲ್ಲಿ ಭೂವಿಜ್ಞಾನ ಇಲಾಖೆ ಹುಟ್ಟಿತು. ಮೊದಲು ಅದರ ಹೊಣೆ ಹೊತ್ತವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೊಡಲಿಯನ್ನು ಗುರುತಿಸಿದ್ದು, ಈ ಶಿಸ್ಟ್ ಪಟ್ಟಿಗಳಿಗೆ ಧಾರವಾಡದ ಹೆಸರು ಕೊಟ್ಟದ್ದು ಅವರೇ. ಆಮೇಲೆ ಬಿ. ರಾಮರಾವ್, ಸಿ.ಎಸ್. ಪಿಚ್ಚಮುತ್ತು, ಬಿ.ಪಿ. ರಾಧಾಕೃಷ್ಣ. ಎಂಥ ಸಾಲು! ರಾಧಾಕೃಷ್ಣ ಅವರಂತೂ ಕನ್ನಡದಲ್ಲೂ ಬರೆದು ಈ ಕಲ್ಲುಗಳ ಕಥೆಯನ್ನು ಸಾಮಾನ್ಯರ ಕೈಗೆ ಕೊಟ್ಟವರು. ಮೈಸೂರಿನಲ್ಲಿರುವವರಿಗೆ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗ ಕೂಗಳತೆಯಲ್ಲಿದೆ, ಕಾರಂಜಿ ಕೆರೆಯ ದಂಡೆಯಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವಿದೆ. ಹೊರಡುವ ಮುಂಚೆ ಅಲ್ಲೊಮ್ಮೆ ಕಲ್ಲುಗಳ ಪರಿಚಯ ಮಾಡಿಕೊಂಡರೆ ಬಯಲಲ್ಲಿ ಕಣ್ಣು ಬೇಗ ತೆರೆಯುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲ ಮುಗಿದು ಹುಲ್ಲು ಒಣಗುವ ಹೊತ್ತು, ನವೆಂಬರಿನಿಂದ ಫೆಬ್ರವರಿ, ಒಳ್ಳೆಯದು. ಕಲ್ಲು ತೊಳೆದಿರುತ್ತದೆ, ಬಿಸಿಲೂ ಸುಡುವುದಿಲ್ಲ. ಬೆಳಗ್ಗೆ ಇಲ್ಲವೇ ಸಂಜೆ ಓರೆ ಬಿಸಿಲಿನಲ್ಲಿ ನೋಡಿ, ಅಲೆಗುರುತು ನೆರಳು ಬಿಟ್ಟು ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಅದೇ ಬಂಡೆ ಸಪಾಟಾಗಿ ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇರಲಿ, ಕಲ್ಲಿನ ಮೇಲೆ ಸುರಿಯಲು ಒಂದು ಬಾಟಲಿ ನೀರು ಹೆಚ್ಚಿಗೆ ಇರಲಿ. ಗಣಿಯ ಗಡಿಯೊಳಗೆ, ಕಾಯ್ದಿಟ್ಟ ಕಾಡಿನೊಳಗೆ ಅನುಮತಿಯಿಲ್ಲದೆ ಹೋಗಬೇಡಿ. ಸುತ್ತಿಗೆ ಮನೆಯಲ್ಲೇ ಇರಲಿ. ಇಲ್ಲಿಯ ಬೇಟೆ ಕಣ್ಣಿನದು. ಪಕ್ಕದಲ್ಲಿ ನಾಣ್ಯವೊಂದನ್ನು ಅಳತೆಗಿಟ್ಟು ಚಿತ್ರ ತೆಗೆಯಿರಿ, ಮೇಲೆ ಯಾವುದು ಕೆಳಗೆ ಯಾವುದು ಎಂದು ಬರೆದುಕೊಳ್ಳಿ. ಜಾಗದ ಗುರುತು ಸಮೇತ ಆ ಚಿತ್ರವನ್ನು ವಿಶ್ವವಿದ್ಯಾಲಯದ ಭೂವಿಜ್ಞಾನಿಗಳಿಗೆ ತೋರಿಸಿ. ನಾನೂರು ಕಿಲೋಮೀಟರಿಗೂ ಉದ್ದದ ಪಟ್ಟಿಯಲ್ಲಿ ಯಾರೂ ನೀರು ಸುರಿದು ನೋಡದ ಬಂಡೆಗಳು ಇನ್ನೂ ಬೇಕಾದಷ್ಟಿವೆ, ಅವುಗಳಲ್ಲಿ ಒಂದು ನಿಮ್ಮ ಪಾಲಿಗೆ ಸಿಕ್ಕರೂ ಸಿಗಬಹುದು.